ನಾಲ್ಕೂವರೆ ಸೆಂಟಿಮೀಟರ್: ಇಸ್ತಾಂಬುಲ್‌ನಿಂದ ಸಕಲೇಶಪುರದ ಕಾಫಿ ಕಣಕ್ಕೆ ಬಂದ ಎರಡು ಕಾಲುಗಳ ಪ್ರಕರಣ

ಹಾಸನದ ನನ್ನ ಫಿಜಿಯೋಥೆರಪಿ ಕ್ಲಿನಿಕ್ಕಿಗೆ ಬರುವವರ ಕಷ್ಟಗಳು ಹೆಚ್ಚುಕಮ್ಮಿ ಗೊತ್ತಿರುವಂಥವೇ. ಬೈಕಿನಿಂದ ಬಿದ್ದವರು, ಆಲೂಗಡ್ಡೆ ಮೂಟೆ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡವರು, ಮರಗಸಿ ಮಾಡುವಾಗ ಸಿಲ್ವರ್ ಓಕ್ ಮೇಲಿಂದ ಜಾರಿದವರು. ಕಳೆದ ವರ್ಷ ಜನವರಿಯ ಒಂದು ಸಂಜೆ ಬಂದ ಹುಡುಗನಿಗೆ ಇದು ಯಾವುದೂ ಆಗಿರಲಿಲ್ಲ. ನೆಟ್ಟಗೆ ನಡೆದು ಬಂದ, ಕುರ್ಚಿ ಎಳೆದು ಕೂತ, ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ ಹೇಳಿದ: "ಮೇಡಂ, ಮುಂದಿನ ತಿಂಗಳು ನನ್ನ ಎರಡೂ ಕಾಲು ಮುರಿಸಿಕೊಳ್ತಾ ಇದೀನಿ. ಆಮೇಲಿನದಕ್ಕೆ ನೀವು ಬೇಕು."

ಅವನಿಗೆ 27 ವರ್ಷ. ಸಕಲೇಶಪುರದ ಹತ್ತಿರ ತೋಟದ ಮನೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಎತ್ತರ 163 ಸೆಂ.ಮೀ. ನಮ್ಮ ಲೆಕ್ಕದಲ್ಲಿ ಐದಡಿ ನಾಲ್ಕಿಂಚು. ಇಸ್ತಾಂಬುಲ್‌ನ ಒಂದು ಆಸ್ಪತ್ರೆಗೆ ಆಗಲೇ ಮುಂಗಡ ಕಟ್ಟಿದ್ದ. ಎರಡೂ ಕಣಕಾಲುಗಳನ್ನು, ಅಂದರೆ ಮಂಡಿಯಿಂದ ಪಾದದವರೆಗಿನ ಭಾಗವನ್ನು, 6 ಸೆಂ.ಮೀ. ಉದ್ದ ಮಾಡಿಸಿಕೊಂಡು 169 ಆಗಬೇಕು, ಶೂ ಹಾಕಿದರೆ 170 ದಾಟಬೇಕು. ಕಾರಣ ಕೇಳಿದೆ. ಮೂರು ಕಡೆ ಹೆಣ್ಣು ನೋಡಿದ್ದು ಮುರಿದುಬಿದ್ದ ಕಥೆ ಹೇಳಿದ. ಅದೇ ಪೂರ್ತಿ ಕಾರಣ ಅಂತ ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಆದರೆ ಅದು ನನ್ನ ವಿಷಯವಲ್ಲ. ಬೇಡ ಅಂತ ಒಂದು ಗಂಟೆ ಹೇಳಿದೆ. ಅವನು ಎಲ್ಲವನ್ನೂ ನನಗಿಂತ ಚೆನ್ನಾಗಿ ಓದಿಕೊಂಡಿದ್ದ. ಕೊನೆಗೆ, ಹೋಗುವವನು ಹೇಗೂ ಹೋಗುತ್ತಾನೆ, ಸಿದ್ಧನಾಗಿಯಾದರೂ ಹೋಗಲಿ ಅಂದುಕೊಂಡು ಒಪ್ಪಿದೆ.

ಈ ಬರಹಕ್ಕೆ ಅವನ ಒಪ್ಪಿಗೆ ಇದೆ. ಗುರುತು ಸಿಗುವ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೆಸರು ಬೇಡ ಅಂದ, ಹಾಗಾಗಿ ಇಲ್ಲಿ ಅವನು ಬರೀ "ಹುಡುಗ". ಇದನ್ನು ಬರೆಯುತ್ತಿರುವುದು ಎತ್ತರವಾಗುವುದು ಸರಿಯೋ ತಪ್ಪೋ ಅಂತ ತೀರ್ಪು ಕೊಡುವುದಕ್ಕಲ್ಲ. ಆಪರೇಷನ್ ಒಂದು ದೇಶದಲ್ಲಿ, ವಾಸಿಯಾಗುವುದು ಅರ್ಧ ಅಲ್ಲಿ ಅರ್ಧ ಇಲ್ಲಿ ಅಂತಾದಾಗ, ಆ ಕಾಲಿನ ಮೇಲೆ ದಿನಾ ಕಣ್ಣಿಡುವವರು ಯಾರು ಅನ್ನುವುದೊಂದೇ ಈ ಪ್ರಕರಣದಲ್ಲಿ ನನ್ನನ್ನು ಕಾಡಿದ ಪ್ರಶ್ನೆ.

ಕಾಲು ಉದ್ದವಾಗುವ ಬಗೆ

ಇದನ್ನು ಚುಟುಕಾಗಿ ಹೇಳುತ್ತೇನೆ. ಮೂಳೆಯನ್ನು ಅಡ್ಡಕ್ಕೆ ಕೊಯ್ದು, ಐದರಿಂದ ಏಳು ದಿನ ಸುಮ್ಮನೆ ಬಿಟ್ಟು, ಆಮೇಲೆ ಎರಡು ತುಂಡುಗಳನ್ನು ನಿಧಾನವಾಗಿ ದೂರ ಸರಿಸುತ್ತಾ ಹೋದರೆ ನಡುವಿನ ಸಂದಿಯಲ್ಲಿ ಹೊಸ ಮೂಳೆ ಬೆಳೆಯುತ್ತದೆ. ದಿನಕ್ಕೆ 1 ಮಿ.ಮೀ., ಅದನ್ನೂ ಒಂದೇ ಸಲಕ್ಕಲ್ಲ, ಕಾಲು ಮಿಲಿಮೀಟರಿನಂತೆ ನಾಲ್ಕು ಸಲ. ಈ ಲೆಕ್ಕ ಹಾಕಿಕೊಟ್ಟವರು ಸೈಬೀರಿಯಾದ ಕುರ್ಗಾನ್ ಎಂಬ ಊರಿನ ವೈದ್ಯ ಗವ್ರೀಲ್ ಇಲಿಜರೋವ್, 1950ರ ದಶಕದಿಂದ ಮುಂದಕ್ಕೆ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ವಲೇರಿ ಬ್ರುಮೆಲ್ ಮರುವರ್ಷ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ನುಜ್ಜುಗುಜ್ಜು ಮಾಡಿಕೊಂಡಾಗ, ಕೊನೆಗೆ ಅದನ್ನು ಸರಿ ಮಾಡಿದ್ದು ಇವರೇ. ಸೋವಿಯತ್ ಗಡಿ ದಾಟಿ ಈ ವಿದ್ಯೆ ಇಟಲಿಗೆ ಬಂದದ್ದು 1980ರ ದಶಕದ ಮೊದಲಲ್ಲಿ.

ಹಾಸನಕ್ಕೂ ಇದೇನು ಹೊಸದಲ್ಲ. ಜಿಲ್ಲಾ ಆಸ್ಪತ್ರೆಯ ಜಗುಲಿಯಲ್ಲಿ ಕಾಲಿಗೆ ಉಕ್ಕಿನ ಬಳೆಗಳು, ಬಳೆಗಳಿಂದ ಮಾಂಸದೊಳಕ್ಕೆ ಸೈಕಲ್ ಕಡ್ಡಿಯಂಥ ತಂತಿಗಳು, ಹೀಗೆ ಕೂತ ಅಪಘಾತದ ಹುಡುಗರನ್ನು ನೀವು ನೋಡಿರುತ್ತೀರಿ. "ರಿಂಗ್ ಹಾಕವ್ರೆ" ಅನ್ನುತ್ತಾರೆ ಮನೆಯವರು. ಅದೇ ಇದು. ಮುರಿದು ಗಿಡ್ಡವಾದ ಕಾಲನ್ನು ಸರಿದೂಗಿಸಲು ಹುಟ್ಟಿದ ಉಪಾಯ, ಸರಿಯಿರುವ ಕಾಲನ್ನು ಉದ್ದ ಮಾಡಲು ತಿರುಗಿದ್ದು ಆಮೇಲೆ. ಚೀನಾ 2006ರಲ್ಲಿ ಬರೀ ಅಂದಕ್ಕಾಗಿ ಮಾಡುವುದನ್ನು ನಿಷೇಧಿಸಿತು. 2016ರಲ್ಲಿ ಹೈದರಾಬಾದಿನಲ್ಲಿ ಒಬ್ಬ ಯುವಕ ಮನೆಯವರಿಗೆ ಹೇಳದೆ ಮಾಡಿಸಿಕೊಂಡಾಗ ಅಪ್ಪ ಅಮ್ಮ ಆಸ್ಪತ್ರೆಗೆ ನುಗ್ಗಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು.

ನಮ್ಮ ಹುಡುಗನಿಗೆ ಮಾಡಿದ್ದು ಮೂಳೆಯ ಒಳಗೊಂದು ಲೋಹದ ಕಡ್ಡಿ, ಹೊರಗೆ ರಿಂಗ್, ಎರಡೂ ಸೇರಿದ ವಿಧಾನ. ಉದ್ದ ಮಾಡುವಷ್ಟು ದಿನ ಹೊರಗಿನ ರಿಂಗ್ ಎಳೆಯುತ್ತದೆ. ಸಾಕಷ್ಟು ಉದ್ದವಾದ ಮೇಲೆ ಒಳಗಿನ ಕಡ್ಡಿಗೆ ಕೆಳಗಡೆಯೂ ಸ್ಕ್ರೂ ಬಿಗಿದು ರಿಂಗ್ ತೆಗೆಯುತ್ತಾರೆ. ಪೂರ್ತಿ ಒಳಗೇ ಇರುವ, ಹೊರಗಿನಿಂದ ಅಯಸ್ಕಾಂತ ಹಿಡಿದು ಉದ್ದ ಮಾಡುವ ಕಡ್ಡಿಗಳೂ ಇವೆ. ಅದಕ್ಕೆ ಇನ್ನೂ ಹೆಚ್ಚು ದುಡ್ಡು. ಇವನ ಒಟ್ಟು ಖರ್ಚು 26 ಲಕ್ಷ ದಾಟಿತು. ಅರ್ಧ ಬ್ಯಾಂಕ್ ಸಾಲ, ಇನ್ನರ್ಧ ಕಾಫಿಗೆ ರೇಟು ಬಂದ ವರ್ಷದ ಅಪ್ಪನ ಉಳಿತಾಯ. ಅಪ್ಪನಿಗೆ ಹೇಳಿದ ಮೊತ್ತ ಇದರಲ್ಲಿ ಮುಕ್ಕಾಲು. ವಿಮೆ ಇಂಥದ್ದಕ್ಕೆ ಬಿಡಿಗಾಸೂ ಕೊಡುವುದಿಲ್ಲ.

ಮೂಳೆ ಬೆಳೆಯುವುದು ಸರಿ. ಅದರ ಸುತ್ತಲಿನ ಮೀನಖಂಡ, ನರ, ರಕ್ತನಾಳ, ಚರ್ಮ? ಅವಕ್ಕೆ ಯಾರೂ ಹೇಳಿಲ್ಲ. ಎಳೆದಷ್ಟು ದಿನವೂ ಅವು ವಿರೋಧಿಸುತ್ತವೆ. ಕಣಕಾಲು ಉದ್ದವಾದಾಗ ಮೀನಖಂಡದ ಸ್ನಾಯು ಬಿಗಿದು ಹಿಮ್ಮಡಿಯನ್ನು ಮೇಲಕ್ಕೆ ಸೆಳೆಯುತ್ತದೆ, ಪಾದ ತುದಿಗಾಲಿನಲ್ಲಿ ನಿಂತುಬಿಡುತ್ತದೆ. ಸರ್ಜನ್ನಿನ ಕೆಲಸ ಕೆಲವು ಗಂಟೆಗಳದ್ದು. ಹಿಮ್ಮಡಿಯನ್ನು ನೆಲಕ್ಕೆ ತರುವ ಕೆಲಸ ತಿಂಗಳುಗಟ್ಟಲೆ, ದಿನಕ್ಕೆ ಮೂರು ನಾಲ್ಕು ಗಂಟೆ. ಹೋಗುವ ಮೊದಲು ಐದು ವಾರ ಅವನಿಗೆ ಮೀನಖಂಡ, ತೊಡೆಯ ಹಿಂಭಾಗ ಎಳೆಯುವುದನ್ನು ಕಲಿಸಿದೆ. ಸಿಗರೇಟು ಬಿಡಿಸಿದೆ. ನಿಕೋಟಿನ್ ಹೊಸ ಮೂಳೆಗೆ ಆಗದು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 14 ಬಂತು, ಕಮ್ಮಿ. ತೋಟದಲ್ಲಿ ಹುಟ್ಟಿದವನು, ಏಳು ವರ್ಷ ಎ.ಸಿ. ಕೋಣೆಯಲ್ಲಿ ಕೂತಿದ್ದ. ಅದಕ್ಕೂ ಔಷಧಿ ಶುರುವಾಯಿತು.

ಅಲ್ಲಿ

ಜೊತೆಗೆ ಹೋದದ್ದು ತಾಯಿ. ತಂದೆಗೆ ಹೋಗುವ ಹಾಗಿರಲಿಲ್ಲ. ಫೆಬ್ರವರಿ, ಮಾರ್ಚ್ ಅಂದರೆ ರೋಬಸ್ಟಾಗೆ ಸ್ಪ್ರಿಂಕ್ಲರ್ ಹಾಕುವ ಕಾಲ. ಹೂಮಳೆ ಬರುತ್ತೋ ಇಲ್ಲವೋ ಅಂತ ಆಕಾಶ ನೋಡುವ ಹೊತ್ತಿನಲ್ಲಿ ಪ್ಲಾಂಟರ್ ಯಾರೂ ಊರು ಬಿಡುವುದಿಲ್ಲ. ಊರಿಗೆ ಹೇಳಿದ್ದು, "ಕಂಪನಿ ಟರ್ಕಿಗೆ ಕಳಿಸಿದೆ, ಅಮ್ಮನೂ ನೋಡಿಕೊಂಡು ಬರ್ತಾಳಂತೆ." ತಾಯಿ ಅಲ್ಲಿವರೆಗೆ ವಿಮಾನ ಹತ್ತಿದವರಲ್ಲ. ಐದು ಕೇಜಿ ರಾಗಿ ಹಿಟ್ಟು, ಮನೆಯ ಕಾಫಿ ಪುಡಿ, ಒಂದು ಸ್ಟೀಲ್ ಫಿಲ್ಟರ್ ಹೊತ್ತು ಹೋದರು. ಅಲ್ಲಿಯ ಕಾಫಿಯ ಬಗ್ಗೆ ಅವರು ಫೋನಿನಲ್ಲಿ ಹೇಳಿದ ಒಂದೇ ಮಾತು: "ಗಸಿ ಸಮೇತ ಕೊಡ್ತಾರಮ್ಮ, ಸೋಸೋದೇ ಇಲ್ಲ." ಅಯ್ರಾನ್ ಅಂದರೆ ಉಪ್ಪು ಹಾಕಿದ ಮಜ್ಜಿಗೆ ಅಂತ ತಿಳಿದ ದಿನ ಮಾತ್ರ ಅವರ ದನಿಯಲ್ಲಿ ಸ್ವಲ್ಪ ಗೆಲುವಿತ್ತು.

ಆಪರೇಷನ್ ಫೆಬ್ರವರಿ 10ಕ್ಕೆ. ಇಲ್ಲಿಂದ ಮುಂದೆ ದಿನಗಳನ್ನು ಅಲ್ಲಿಂದಲೇ ಎಣಿಸುತ್ತೇನೆ. ಏಳನೇ ದಿನ ಎಳೆಯುವುದು ಶುರು. ರಿಂಗಿನ ಪ್ರತಿ ಸರಳಿಗೂ ಒಂದು ನಟ್ಟು, ಒಂದು ಪೂರ್ತಿ ಸುತ್ತು ತಿರುಗಿಸಿದರೆ 1 ಮಿ.ಮೀ. ಕಾಲು ಸುತ್ತು, ದಿನಕ್ಕೆ ನಾಲ್ಕು ಸಲ, ಎರಡೂ ಕಾಲಿಗೆ. ಮೊದಲ ಮೂರು ದಿನ ನರ್ಸ್ ಬಂದು ತೋರಿಸಿದರು, ಆಮೇಲೆ ಎಲ್ಲ ತಾಯಿಯದೇ. ಮಗನ ಕಾಲನ್ನು ಸ್ಪ್ಯಾನರ್ ಹಿಡಿದು ತಿರುಗಿಸುವ ಕೆಲಸ ಯಾವ ತಾಯಿಗೂ ಬೇಡ. "ಮೊದಲ ದಿನ ಕೈ ನಡುಗಿ ನಟ್ಟಿಗೆ ಸಿಗಲೇ ಇಲ್ಲ. ನಾಲ್ಕನೇ ದಿನಕ್ಕೆ ಗ್ಯಾಸ್ ರೆಗ್ಯುಲೇಟರ್ ತಿರುಗಿಸಿದ ಹಾಗೆ ಆಗೋಯ್ತು" ಅಂದರು. ಪಿನ್ನು ಚರ್ಮಕ್ಕೆ ಹೋಗುವ ಜಾಗಗಳನ್ನು ದಿನವೂ ಸಲೈನ್ ಹಚ್ಚಿ ಒರೆಸಿ ಗಾಜ್ ಸುತ್ತುವುದೂ ಅವರ ಪಾಲಿನದೇ. ಎಡಗಾಲಿನ ಮೇಲಿನ ಪಿನ್ನಿನ ಸುತ್ತ ಎರಡು ಸಲ ಕೆಂಪಾಗಿ ಕೀವು ಕಂಡಿತು. ಮಾತ್ರೆಯಲ್ಲೇ ಕಮ್ಮಿಯಾಯಿತು. ಈ ವಿಧಾನದಲ್ಲಿ ಇದು ತೀರಾ ಸಾಮಾನ್ಯ. ಆದರೆ ಒಳಗೆ ಕಡ್ಡಿಯೂ ಇರುವಾಗ ಪಿನ್ನಿನ ಸೋಂಕು ಒಳಗೆ ಇಳಿದರೆ ದೊಡ್ಡ ರಾದ್ಧಾಂತ. ಹಾಗಾಗಿ ಎರಡೂ ಸಲ ನಾನು ಅವರಿಗೆ ಧೈರ್ಯ ಹೇಳುತ್ತಾ ನನ್ನ ಧೈರ್ಯವನ್ನೂ ಹುಡುಕಿಕೊಳ್ಳುತ್ತಿದ್ದೆ.

ಪ್ಯಾಕೇಜಿನಲ್ಲಿ ಫಿಜಿಯೋಥೆರಪಿ ಇತ್ತು. ದಿನಕ್ಕೆ 45 ನಿಮಿಷ, ವಾರಕ್ಕೆ ಐದು ದಿನ. ಒಳ್ಳೆಯ ಫಿಜಿಯೋ, ನಾನೇ ವಿಡಿಯೋದಲ್ಲಿ ನೋಡಿದ್ದೇನೆ, ಕೈ ಪಳಗಿತ್ತು. ಆದರೆ ಸ್ನಾಯು ಬಿಗಿಯುವುದು ದಿನದ ಇಪ್ಪತ್ನಾಲ್ಕು ಗಂಟೆಯೂ. ಉಳಿದ ಹೊತ್ತಿಗೆ ಹುಡುಗ, ಒಂದು ಟವೆಲ್, ಮತ್ತು ವಾರಕ್ಕೆ ಮೂರು ದಿನ ವಾಟ್ಸ್ಆ್ಯಪ್ಪಿನಲ್ಲಿ ನಾನು. ಇಸ್ತಾಂಬುಲ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಕ್ಲಿನಿಕ್ ಮುಗಿಸಿ ನಾನು ಎಂಟೂವರೆಗೆ ಕೂತರೆ ಅವನಿಗೆ ಸಂಜೆ ಆರು.

ನೋವು? ಇತ್ತು. ಹಗಲಿಗಿಂತ ರಾತ್ರಿ ಜಾಸ್ತಿ. ಮೂರನೇ ವಾರದ ನಂತರ ಅವನು ಎರಡು ಗಂಟೆಗಿಂತ ಹೆಚ್ಚು ಒಟ್ಟಿಗೆ ನಿದ್ದೆ ಮಾಡಿದ್ದೇ ಇಲ್ಲ. ಇಲ್ಲಿಂದ ಒಯ್ದ ಡೈಕ್ಲೋಫಿನಾಕ್ ಒಂದು ಸ್ಟ್ರಿಪ್ ಅವನ ಬ್ಯಾಗಿನಲ್ಲಿತ್ತು. ಅಂಥ ನೋವಿನ ಮಾತ್ರೆ ಮೂಳೆ ಕೂಡುವುದನ್ನು ತಡ ಮಾಡಬಹುದು ಅಂತ ಸರ್ಜನ್ ಬೇಡ ಅಂದಿದ್ದರು. ತಾಯಿ ಅದನ್ನು ತೆಗೆದು ಟಾಯ್ಲೆಟ್ಟಿಗೆ ಹಾಕಿ ನೀರು ಬಿಟ್ಟರಂತೆ. ಆ ತಾಯಿಯನ್ನು ನಾನು ಅಲ್ಲಿಂದ ಮುಂದೆ ಸಹೋದ್ಯೋಗಿ ಅಂತಲೇ ಲೆಕ್ಕ ಹಾಕಿದ್ದು.

ಹೆಬ್ಬೆರಳು

ನನ್ನ ತಪ್ಪನ್ನು ಇಲ್ಲಿ ಬರೆಯಬೇಕು. ಹೊರಗೆ ಚಳಿ, ಅವನು ಯಾವಾಗಲೂ ದಪ್ಪ ಉಲನ್ ಕಾಲುಚೀಲ ಹಾಕಿಕೊಂಡೇ ವಿಡಿಯೋಗೆ ಬರುತ್ತಿದ್ದ. ಪಾದ ಎಷ್ಟು ಮೇಲೆ ಬರುತ್ತೆ ಅಂತ ಅಳೆಯಲು ಕಾಲುಚೀಲ ಅಡ್ಡಿಯಾಗುವುದಿಲ್ಲ. ಹಾಗಾಗಿ ತೆಗಿ ಅಂತ ನಾನೂ ಹೇಳಲಿಲ್ಲ. ಸುಮಾರು ಐದು ವಾರ ಅವನ ಬರಿಗಾಲಿನ ಬೆರಳುಗಳನ್ನು ನಾನು ನೋಡಲೇ ಇಲ್ಲ.

44ನೇ ದಿನ, ಯುಗಾದಿಯ ಹಿಂದಿನ ವಾರ, ತಾಯಿಯೇ ಫೋನ್ ಮಾಡಿದರು, ನಾವು ಗೊತ್ತು ಮಾಡಿಕೊಂಡ ಹೊತ್ತಿಗಲ್ಲದ ಹೊತ್ತಿನಲ್ಲಿ, ಪಿಸುದನಿಯಲ್ಲಿ. "ಡಾಕ್ಟ್ರಮ್ಮ, ಎಣ್ಣೆ ತಿಕ್ತಾ ಇದ್ದೆ. ಬಲಗಾಲಿನ ಹೆಬ್ಬೆರಳು, ಪಕ್ಕದ ಬೆರಳು, ಎರಡರ ಸಂದೀಲಿ ಮುಟ್ಟಿದ್ರೆ ಅವನಿಗೆ ಗೊತ್ತೇ ಆಗಲ್ಲ. ಚಿಕ್ಕವನಿದ್ದಾಗ ಅಲ್ಲಿ ಮುಟ್ಟಿದ್ರೆ ಒದೀತಿದ್ದ, ಅಷ್ಟು ಕಚಗುಳಿ."

ಆ ಒಂದು ಜಾಗ ನನ್ನಂಥವರಿಗೆ ಪಾಠದ ಮೊದಲ ಪುಟ. ಮೊಣಕಾಲಿನ ಹೊರಬದಿಯಲ್ಲಿ ಮೂಳೆಯ ತಲೆಯನ್ನು ಸುತ್ತಿಕೊಂಡು ಇಳಿಯುವ ಪೆರೋನಿಯಲ್ ನರದ ಒಳಗವಲು ಚರ್ಮದಲ್ಲಿ ಸ್ಪರ್ಶ ಕೊಡುವುದು ಅಷ್ಟೇ ಜಾಗಕ್ಕೆ, ಮೊದಲ ಎರಡು ಬೆರಳುಗಳ ಸಂದಿಗೆ. ಹೆಬ್ಬೆರಳನ್ನು, ಪಾದವನ್ನು ಮೇಲೆ ಎತ್ತಿಸುವುದೂ ಅದೇ. ಎಳೆತ ಹೆಚ್ಚಾದಾಗ ಮೊದಲು ದೂರು ಕೊಡುವ ನರ ಅದು. ದೂರನ್ನು ಕೇಳದೆ ಎಳೆಯುತ್ತಾ ಹೋದರೆ ಪಾದ ಜೋತು ಬೀಳುತ್ತದೆ, ಕೆಲವರಿಗೆ ಅದು ತಿರುಗಿ ಬರುವುದೇ ಇಲ್ಲ.

ಫೋನ್ ಅವನ ಕೈಗೆ ಕೊಡಿಸಿ ಕಾಲುಚೀಲ ತೆಗೆಸಿದೆ. "ಹೆಬ್ಬೆರಳು ಮೇಲೆತ್ತು." ಎಡಗಾಲಿನದು ಎದ್ದಿತು. ಬಲಗಾಲಿನದು ಅಲ್ಲಾಡಿತು, ಏಳಲಿಲ್ಲ.

"ಯಾವಾಗಿಂದ?"

"ನಾಲ್ಕು ದಿನ ಆಯ್ತು ಮೇಡಂ."

"ಅಲ್ಲಿಯ ಫಿಜಿಯೋಗೆ ಹೇಳಿದ್ಯಾ?"

ಸುಮ್ಮನಿದ್ದ. ಹೇಳಿದರೆ ಎಳೆಯುವುದು ನಿಲ್ಲಿಸುತ್ತಾರೆ ಅಂತ ಅವನಿಗೆ ಗೊತ್ತಿತ್ತು. ಅವತ್ತಿಗೆ 37 ಮಿ.ಮೀ. ಆಗಿತ್ತು. ಇನ್ನು 23 ಬೇಕಿತ್ತು.

ನಾನು ರೇಗಿದೆ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಜಗಳವಾಡುವವರ ಹಾಗೆ ರೇಗಿದೆ. ಆ ರಾತ್ರಿಯ ಸುತ್ತು ತಿರುಗಿಸಬೇಡಿ, ಬೆಳಿಗ್ಗೆ ಆಗುತ್ತಲೇ ಸರ್ಜನ್‌ಗೆ ತೋರಿಸಿ ಅಂತ ತಾಯಿಗೆ ಹೇಳಿದೆ. ಅವರು ಸ್ಪ್ಯಾನರನ್ನು ರಾಗಿ ಹಿಟ್ಟಿನ ಚೀಲದೊಳಗೆ ಬಚ್ಚಿಟ್ಟರಂತೆ, ಮಗ ತಾನೇ ತಿರುಗಿಸಿಕೊಂಡುಬಿಟ್ಟಾನು ಅಂತ. ಬೆಳಿಗ್ಗೆ ಅಲ್ಲಿಯ ಸರ್ಜನ್ ನೋಡಿ ಆರು ದಿನ ಪೂರ್ತಿ ನಿಲ್ಲಿಸಿದರು. ನಾಲ್ಕನೇ ದಿನಕ್ಕೆ ಸ್ಪರ್ಶ ಸ್ವಲ್ಪ ತಿರುಗಿತು. ಬೆರಳು ಎದ್ದದ್ದು ಇನ್ನೂ ತಡವಾಗಿ. ಆಮೇಲೆ ದಿನಕ್ಕೆ ಅರ್ಧ ಮಿಲಿಮೀಟರಿನಂತೆ 16 ದಿನ. 66ನೇ ದಿನಕ್ಕೆ 45 ಮಿ.ಮೀ. ಆದಾಗ ಬಲಗಾಲಿನ ಹಿಮ್ಮಡಿ ಕೆಳಗಿಳಿಯಲು ಒಪ್ಪದಾಯಿತು. ಇನ್ನು ಎಳೆದರೆ ಹಿಮ್ಮಡಿಯ ಸ್ನಾಯುರಜ್ಜುವನ್ನೂ ಕೊಯ್ದು ಉದ್ದ ಮಾಡಬೇಕಾದೀತು ಅಂದರು ಸರ್ಜನ್. ಸಾಕು ಅಂತ ನಿರ್ಧರಿಸಿದ್ದು ಮೂವರು ಸೇರಿ: ಸರ್ಜನ್, ತಾಯಿ, ನಾನು. ಹುಡುಗ ಒಪ್ಪಲಿಲ್ಲ, ಸಹಿ ಮಾತ್ರ ಹಾಕಿದ.

ಆ ವಾರದ ಅವನ ಮೆಸೇಜುಗಳನ್ನು ಇಟ್ಟುಕೊಂಡಿದ್ದೇನೆ. ನಾಲ್ಕೂವರೆ ಸೆಂಟಿಮೀಟರ್ ಸಿಕ್ಕಿತು ಅಂತ ಒಂದರಲ್ಲೂ ಇಲ್ಲ. ಒಂದೂವರೆ ಹೋಯಿತು ಅಂತಲೇ ಎಲ್ಲದರಲ್ಲೂ. 167.5ಕ್ಕೆ ನಿಂತವನು 169ನ್ನು ಕಳೆದುಕೊಂಡವನಂತೆ ಅತ್ತ. ಇದರ ಬಗ್ಗೆ ಮನೋವೈದ್ಯರು ಮೊದಲೇ ಅವನ ಜೊತೆ ಮಾತಾಡಬೇಕಿತ್ತು. ಅದನ್ನು ನಾನು ಜನವರಿಯಲ್ಲಿ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

70ನೇ ದಿನ ಎರಡನೇ ಆಪರೇಷನ್, ರಿಂಗ್ ಹೊರಬಂತು. ವಾರ್ಡಿನಲ್ಲಿ ಕಸ ಗುಡಿಸುವ ಹೆಂಗಸು ಪ್ರತಿದಿನ ತಾಯಿಗೆ "ಗೆಚ್ಮಿಶ್ ಓಲ್ಸುನ್" ಅನ್ನುತ್ತಿದ್ದಳು. ಅದಕ್ಕೆ "ಕಳೆದುಹೋದದ್ದಾಗಲಿ" ಅಂತ ಅರ್ಥವಂತೆ, ಕಾಯಿಲೆಯವರಿಗೆ ಹೇಳುವ ಮಾತು. ತಾಯಿ ಅವಳಿಗೆ ಅರ್ಧ ಕೇಜಿ ಕಾಫಿ ಪುಡಿ ಕೊಟ್ಟು ಬಂದರು. ಫಿಲ್ಟರ್ ಕೊಡಲಿಲ್ಲ.

ಊರಿನ ದಾರಿ

82ನೇ ದಿನ, ಮೇ ಮೊದಲ ವಾರ, ವಿಮಾನ. ಕಾಲಿನ ಆಪರೇಷನ್ ಆಗಿ, ಓಡಾಟವಿಲ್ಲದೆ, ಗಂಟೆಗಟ್ಟಲೆ ಸೀಟಿನಲ್ಲಿ ಮುದುಡಿ ಕೂತರೆ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಅದು ಶ್ವಾಸಕೋಶಕ್ಕೆ ಏರಿದರೆ ಪ್ರಾಣಕ್ಕೇ ಕುತ್ತು. ಅಲ್ಲಿಯ ವೈದ್ಯರು ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಎನಾಕ್ಸಪ್ಯಾರಿನ್ ಬರೆದುಕೊಟ್ಟಿದ್ದರು. ವೀಲ್‌ಚೇರ್, ಓಡಾಡುವ ದಾರಿಯ ಬದಿಯ ಸೀಟು, ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಮೂವತ್ತು ಸಲ. ಬೆಂಗಳೂರಿನಲ್ಲಿ ಇಳಿದ ಮೇಲೂ ಅಷ್ಟೇ. ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ ಅಂತ ಕಾರು ನಿಲ್ಲಿಸಿ ನಿಲ್ಲಿಸಿ ಬಂದರು. ನಾಲ್ಕು ದಿನ ಬಿಟ್ಟು ಎಡ ಮೀನಖಂಡ ಊದಿಕೊಂಡಾಗ ಎದೆ ಝಲ್ಲೆಂದಿತು. ಡಾಪ್ಲರ್ ಸ್ಕ್ಯಾನ್ ಮಾಡಿಸಿದೆವು. ಏನೂ ಇರಲಿಲ್ಲ.

ಅದಕ್ಕಿಂತ ಕಷ್ಟವಾದದ್ದು ಇಲ್ಲಿ ಒಬ್ಬ ಮೂಳೆ ವೈದ್ಯರನ್ನು ಹುಡುಕುವುದು. ಅವನ ಕೈಯಲ್ಲಿದ್ದದ್ದು ಅರ್ಧ ಟರ್ಕಿಶ್ ಅರ್ಧ ಇಂಗ್ಲಿಷಿನ ಎರಡು ಪುಟ, ಒಂದು ಸಿ.ಡಿ., ಕಡ್ಡಿಯ ಸ್ಟಿಕರ್ ಅಂಟಿಸಿದ ಒಂದು ಚೀಟಿ. ಮೊದಲನೆಯವರು ಫಿಲ್ಮು ನೋಡಿ, "ನಾನು ಮಾಡದ ಆಪರೇಷನ್ನಿಗೆ ನಾನು ಯಾಕೆ ತಲೆ ಕೊಡಲಿ" ಅಂದರು. ಎರಡನೆಯವರು ಬೈದು ಕಳಿಸಿದರು. ಇಬ್ಬರ ಮೇಲೂ ನನಗೆ ಸಿಟ್ಟಿಲ್ಲ. ನಾಳೆ ಮೂಳೆ ಕೂಡದಿದ್ದರೆ ಕೋರ್ಟಿಗೆ ಹೋಗುವ ಹೆಸರು ಅವರದಾಗುತ್ತದೆ, ಇಸ್ತಾಂಬುಲ್‌ನವರದಲ್ಲ. ಅಲ್ಲಿಯ ಆಸ್ಪತ್ರೆಯೂ ಮೆಸೇಜಿಗೆ ಉತ್ತರ ಕೊಡುತ್ತಿತ್ತು, ಆದರೆ ಮೂರು ದಿನ ಬಿಟ್ಟು, ಒಂದೊಂದು ಸಾಲು. ಎಂಟು ದಿನ ಆ ಎರಡು ಕಾಲುಗಳು ಯಾರ ಲೆಕ್ಕದಲ್ಲೂ ಇರಲಿಲ್ಲ. ಮೂರನೆಯವರು ಒಪ್ಪಿದರು. ಷರತ್ತು ಒಂದೇ: ಹಿಂದಿನದ್ದು ನಾನು ಕೇಳುವುದಿಲ್ಲ, ತಿಂಗಳಿಗೊಂದು ಎಕ್ಸ್-ರೇ, ನಾನು ಹೇಳುವವರೆಗೆ ಪೂರ್ತಿ ಭಾರ ಹಾಕುವ ಹಾಗಿಲ್ಲ. ಅಷ್ಟೇ ಬೇಕಾಗಿತ್ತು.

ಕಣದ ಮೇಲೆ

ನಾನು ಮೊದಲ ಸಲ ಅವನನ್ನು ಮುಟ್ಟಿ ಪರೀಕ್ಷಿಸಿದಾಗ ಮಂಡಿ ಚಾಚಿದ ಸ್ಥಿತಿಯಲ್ಲಿ ಬಲ ಪಾದ ಲಂಬಕೋನಕ್ಕೆ 12 ಡಿಗ್ರಿ ಕಮ್ಮಿ, ಎಡ 5 ಡಿಗ್ರಿ ಕಮ್ಮಿ. ಮಂಡಿ ಮಡಚಿದರೆ ಎರಡೂ ಲಂಬಕೋನಕ್ಕೆ ಬರುತ್ತಿದ್ದವು. ಇದು ಸಮಾಧಾನದ ವಿಷಯ. ಪಾದದ ಗಿಣ್ಣು ಸೆಟೆದಿಲ್ಲ, ಬಿಗಿದಿರುವುದು ಮಂಡಿಯನ್ನೂ ದಾಟಿ ಹೋಗುವ ಮೇಲ್ಪದರದ ಸ್ನಾಯು ಮಾತ್ರ ಅಂತ ಅರ್ಥ. ಅದನ್ನು ಎಳೆದು ಒಲಿಸಬಹುದು, ಕತ್ತಿ ಬೇಡ. ಹೆಬ್ಬೆರಳು ಅರ್ಧ ಏಳುತ್ತಿತ್ತು.

ವಾರಕ್ಕೆ ಎರಡು ದಿನ ನಾನು ಹೋಗುವುದು, ಒಂದು ದಿನ ಅವರು ಹಾಸನಕ್ಕೆ ಬರುವುದು ಅಂತಾಯಿತು. ಮನೆಯಲ್ಲಿ ಜಾಗ ಹುಡುಕುವಾಗ ತಂದೆ ನೇರ ಕಾಫಿ ಕಣಕ್ಕೆ ಕರೆದುಕೊಂಡು ಹೋದರು. ಕುಯ್ಲು ಮುಗಿದು ಖಾಲಿಯಾಗಿದ್ದ, ಮಟ್ಟ ಮಾಡಿದ ಸಿಮೆಂಟು ಕಣ. ನನ್ನ ಕ್ಲಿನಿಕ್ಕಿನಲ್ಲಿ ಅದರ ಹತ್ತರಲ್ಲೊಂದು ಭಾಗ ನಡೆಯುವ ಜಾಗವಿಲ್ಲ. ಸ್ಪ್ರಿಂಕ್ಲರಿನ ಹಳೇ ಪೈಪು ಎರಡು ನೆಟ್ಟು ಹಿಡಿದು ನಡೆಯುವ ಕಂಬಿ ಮಾಡಿದರು. ಹಿಮ್ಮಡಿ ಕೆಳಗೆ, ಬೆರಳು ಮೇಲೆ ಇಟ್ಟು ನಿಲ್ಲುವ ಇಳಿಜಾರು ಹಲಗೆಯನ್ನು ಆಚಾರಿಯವರು ಸಿಲ್ವರ್ ಓಕಿನಲ್ಲಿ ಮಾಡಿಕೊಟ್ಟರು: 5, 10, 15 ಡಿಗ್ರಿ, ಮೂರು. ರಾತ್ರಿ ಪಾದ ಕೆಳಗೆ ಬೀಳದಂತೆ ಪ್ಲಾಸ್ಟಿಕ್ ಸ್ಪ್ಲಿಂಟ್ ಮಾತ್ರ ಬೆಂಗಳೂರಿನಿಂದ ತರಿಸಿದ್ದು.

ತಂದೆ ಮಿತಭಾಷಿ. ಮಗನ ಜೊತೆ ಆ ದಿನಗಳಲ್ಲಿ ಮಾತು ನಿಂತೇ ಹೋಗಿತ್ತು. ಮೊತ್ತದ ಸತ್ಯ ಅಷ್ಟರಲ್ಲಿ ಹೊರಬಿದ್ದಿತ್ತು. ಆದರೆ ಎಲ್ಲ ಪ್ಲಾಂಟರುಗಳ ಹಾಗೆ ಅವರಿಗೂ ಬೆಳಿಗ್ಗೆ ಮಳೆ ಮಾಪಕ ನೋಡಿ ಡೈರಿಯಲ್ಲಿ ಬರೆಯುವ ಅಭ್ಯಾಸ, ಇಂಚು ಸೆಂಟ್ಸಿನ ಲೆಕ್ಕದಲ್ಲಿ. ಪಾದದ ಕೋನ ಅಳೆಯುವ ಗೋನಿಯೋಮೀಟರ್ ಹಿಡಿಯುವುದನ್ನು ಒಂದು ದಿನ ತಾಯಿಗೆ ಕಲಿಸುತ್ತಿದ್ದೆ, ಅವರು ಬಂದು ಕೈಗೆ ತೆಗೆದುಕೊಂಡರು. ಮರುವಾರ ನೋಡಿದರೆ ಡೈರಿಯಲ್ಲಿ ಮಳೆಯ ಪಕ್ಕಕ್ಕೇ ಎರಡು ಹೊಸ ಕಾಲಂ. "ಮಳೆ 1 ಇಂಚು 20 ಸೆಂಟ್ಸ್. ಬಲ −11. ಎಡ −4." ನನ್ನ ಕೇಸ್ ಶೀಟಿಗಿಂತ ಅಚ್ಚುಕಟ್ಟು. ಒಂದು ದಿನವೂ ತಪ್ಪಿಲ್ಲ. ಅಳೆಯುವುದಕ್ಕೆ ಅಪ್ಪ ಮಗ ಐದು ನಿಮಿಷ ಎದುರುಬದುರು ಕೂರಲೇಬೇಕಿತ್ತು. ಮೊದಮೊದಲು ಬರೀ ಅಂಕಿ, ಆಮೇಲೆ "ಇವತ್ತು ಪರವಾಗಿಲ್ಲ ಕಣ್ಲಾ" ಅನ್ನುವವರೆಗೆ ಬಂತು.

ಊರಿಗೆ ಕಥೆ ಬದಲಾಗಿತ್ತು: ಟರ್ಕಿಯಲ್ಲಿ ಮೆಟ್ಟಿಲು ಜಾರಿ ಎರಡೂ ಕಾಲು ಮುರಿದವು. ಈ ಸುಳ್ಳಿನ ತೊಂದರೆ ಏನೆಂದರೆ, ಮುರಿದ ಕಾಲಿಗೆ ನಮ್ಮ ಕಡೆ ಎಲ್ಲರ ಹತ್ತಿರವೂ ಔಷಧಿ ಇದೆ. ದಿನಾ ಯಾರಾದರೂ ಕಾಲು ಸೂಪು ತರುತ್ತಿದ್ದರು. ಅದರಿಂದ ನಷ್ಟವಿಲ್ಲ, ಕುಡಿಯಲಿ ಅಂದೆ. ಸೋದರಮಾವ ಒಬ್ಬರು ಪುತ್ತೂರು ಕಟ್ಟು ಕಟ್ಟುವವರನ್ನೇ ಜೀಪಿನಲ್ಲಿ ಕರೆತಂದರು. ಹಸಿ ಮೂಳೆಯ ಮೇಲೆ ಯಾರಾದರೂ ಬಲವಾಗಿ ತಿಕ್ಕಿ ಪಟ್ಟಿ ಬಿಗಿದರೆ ಗತಿ ಏನು? ನಾನು ಅವತ್ತು ಅಲ್ಲೇ ಇದ್ದೆ. "ಒಳಗೆ ರಾಡ್ ಇದೆ ಮಾವ, ಕಟ್ಟಿದ್ರೆ ಬಗ್ಗುತ್ತೆ" ಅಂತ ಬಾಯಿಗೆ ಬಂದದ್ದು ಹೇಳಿದೆ. ರಾಡ್ ಅಂದ ಕೂಡಲೇ ಕಟ್ಟುವವರೇ ಹಿಂದೆ ಸರಿದರು. ಅಜ್ಜಿ ಮಾತ್ರ ಯಾವ ಕಥೆಯನ್ನೂ ಕೇಳಲಿಲ್ಲ. ವಾಕರ್ ಹಿಡಿದು ಬಗ್ಗಿ ನಡೆಯುತ್ತಿದ್ದ ಮೊಮ್ಮಗನನ್ನು ನೋಡಿ, "ಯಾಕ್ಲಾ ಮಗಾ, ಇನ್ನೂ ಗಿಡ್ಡಕಾಗೋಗಿದ್ದೀಯ" ಅಂದರು. ಹುಡುಗ ತಿಂಗಳುಗಳ ನಂತರ ಮೊದಲ ಸಲ ನಕ್ಕಿದ್ದು ಅವತ್ತೇ. ಸ್ವಲ್ಪ ಹುಚ್ಚುಹುಚ್ಚಾಗಿಯೇ ನಕ್ಕ.

ಜೂನ್ ಮಧ್ಯಕ್ಕೆ ಮಳೆ ಹಿಡಿಯಿತು. ಸಕಲೇಶಪುರದ ಮಳೆಯ ಬಗ್ಗೆ ಹೇಳಬೇಕಿಲ್ಲ. ವಾರದಲ್ಲಿ ಕಣ ಪಾಚಿ ಕಟ್ಟಿತು, ವಾಕರಿನ ರಬ್ಬರು ಜಾರತೊಡಗಿತು. ಕಂಬಿಗಳನ್ನು ಗೋಡೌನಿಗೆ ಸಾಗಿಸಿದೆವು, ಗೊಬ್ಬರದ ಚೀಲಗಳ ನಡುವೆ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಒಂದು ವಾರ ಮರ ಬಿದ್ದು ನನಗೂ ಹೋಗಲಾಗಲಿಲ್ಲ. ಡೈರಿಯಲ್ಲಿ ಆ ವಾರ ಬಲಗಾಲು −6ರಿಂದ −8ಕ್ಕೆ ಹಿಂದೆ ಸರಿದಿದೆ. ಥಂಡಿಗೆ ಸ್ನಾಯು ಬಿಗಿಯಿತೋ, ಮನಸ್ಸು ಬೇಸತ್ತು ವ್ಯಾಯಾಮ ಬಿಟ್ಟನೋ. ಎರಡನೆಯದೇ ಇರಬೇಕು.

ಎಕ್ಸ್-ರೇಯಲ್ಲಿ ಎಡಗಾಲಿನ ಹೊಸ ಮೂಳೆ ಮೋಡದ ಹಾಗೆ ತುಂಬಿಕೊಳ್ಳುತ್ತಾ ಬಂತು. ಬಲಗಾಲಿನದು ಮುಂಭಾಗದಲ್ಲಿ ತೆಳು, ಐದನೇ ತಿಂಗಳಿಗೂ ಕಿಟಕಿಯಂಥ ಖಾಲಿ ಜಾಗ. ಎದುರಿಂದ, ಪಕ್ಕದಿಂದ ತೆಗೆದ ಎರಡು ಚಿತ್ರಗಳಲ್ಲಿ ಕಾಣುವ ನಾಲ್ಕು ಬದಿಗಳ ಪೈಕಿ ಮೂರಾದರೂ ಗಟ್ಟಿಯಾಗಿ ಕೂಡಬೇಕು, ಆಗ ಪೂರ್ತಿ ಭಾರ. ಸೆಪ್ಟೆಂಬರ್ ಎಕ್ಸ್-ರೇಯಲ್ಲಿ ಮೂರನೇ ಬದಿ ಮುಚ್ಚಿತು. ಅಂದರೆ ಏಳು ತಿಂಗಳು, ಸೆಂಟಿಮೀಟರಿಗೆ ಒಂದೂವರೆ ತಿಂಗಳಿನ ಲೆಕ್ಕ. ತಡವೇನಲ್ಲ, ಬೇಗವೂ ಅಲ್ಲ. ವಾಕರ್ ಹೋಗಿ ಒಂದು ಕೋಲು ಬಂತು, ದಸರಾ ಕಳೆದ ಮೇಲೆ ಕೋಲೂ ಹೋಯಿತು.

ಈಗ

ಇದನ್ನು ಬರೆಯುವಾಗ ಆಪರೇಷನ್ ಆಗಿ ಹದಿನಾಲ್ಕು ತಿಂಗಳು. ಬಲ ಪಾದ +6, ಎಡ +10, ಅಂದರೆ ಲಂಬಕೋನ ದಾಟಿ ಅಷ್ಟು ಡಿಗ್ರಿ ಮೇಲೆ ಬರುತ್ತದೆ. ನಡಿಗೆಯಲ್ಲಿ ಗೊತ್ತಿಲ್ಲದವರಿಗೆ ಏನೂ ಕಾಣುವುದಿಲ್ಲ. ನನಗೆ ಸುಸ್ತಾದ ಸಂಜೆ ಬಲ ಹಿಮ್ಮಡಿ ಸ್ವಲ್ಪ ಬೇಗ ಏಳುವುದು ಕಾಣುತ್ತದೆ. ಕುಕ್ಕರುಗಾಲಲ್ಲಿ ಕೂರಬಲ್ಲ, ಹಿಮ್ಮಡಿಯ ಕೆಳಗೆ ಒಂದಿಂಚಿನ ಹಲಗೆ ಇದ್ದರೆ. ತೋಟದ ಮನೆಯ ಹಳೇ ಟಾಯ್ಲೆಟ್ಟಿಗೆ ಕಮೋಡ್ ಹಾಕಿಸಿದ್ದಾರೆ. ಮಂಡಿಯ ಮುಂಭಾಗದಲ್ಲಿ, ಕಡ್ಡಿ ಒಳಹೋದ ಜಾಗದಲ್ಲಿ, ನೆಲಕ್ಕೆ ಮಂಡಿಯೂರಿದರೆ ಚುಚ್ಚುತ್ತದೆ. ಹಾಸನಾಂಬೆಯ ದರ್ಶನಕ್ಕೆ ಹೋದಾಗ ನಿಂತೇ ಕೈಮುಗಿದನಂತೆ. ಹೆಬ್ಬೆರಳು ಏಳುತ್ತದೆ. ಬೆರಳ ಸಂದಿಯಲ್ಲಿ ಸ್ಪರ್ಶ ಇದೆ, ಕಚಗುಳಿ ಇಲ್ಲ. ಓಟ ಇನ್ನೂ ಇಲ್ಲ. ಹೆಣ್ಣು ನೋಡುವ ಮಾತು ಮನೆಯಲ್ಲಿ ಸದ್ಯಕ್ಕೆ ಯಾರೂ ಎತ್ತಿಲ್ಲ, ಅವನೂ ಎತ್ತಿಲ್ಲ.

ತಂದೆಯ ಡೈರಿಯಲ್ಲಿ ಪಾದದ ಕಾಲಂ ನವೆಂಬರ್ ಮೂರನೇ ವಾರಕ್ಕೆ ನಿಂತಿದೆ. ಅವತ್ತು ಅರೇಬಿಕಾ ಹಣ್ಣು ಕಣಕ್ಕೆ ಬಂತು.

ಉಳಿದಿರುವುದು ಕಡ್ಡಿ. ಒಂದೂವರೆ ಎರಡು ವರ್ಷಕ್ಕೆ, ಮೂಳೆ ಪೂರ್ತಿ ಗಟ್ಟಿಯಾದ ಮೇಲೆ, ತೆಗೆಸಬೇಕು. ಒಂದೊಂದು ಕಂಪನಿಯ ಕಡ್ಡಿಗೆ ಅದರದೇ ಹೊರತೆಗೆಯುವ ಉಪಕರಣ, ಅದು ಇಲ್ಲಿ ಸಿಗುತ್ತೋ ಅಂತ ನಮ್ಮ ಮೂಳೆ ವೈದ್ಯರು ವಿಚಾರಿಸುತ್ತಿದ್ದಾರೆ. ಸ್ಟಿಕರಿನ ಚೀಟಿಯನ್ನು ತಾಯಿ ಪ್ಲಾಸ್ಟಿಕ್ ಕವರಿಗೆ ಹಾಕಿ ತೋಟದ ಪಹಣಿಯ ಜೊತೆ ಬೀರುವಿನಲ್ಲಿ ಇಟ್ಟಿದ್ದಾರೆ. ಹೋದ ವಾರ ಹುಡುಗ ಇಸ್ತಾಂಬುಲ್ಲಿಗೇ ಹೋಗಿ ತೆಗೆಸಿಕೊಂಡು ಬರುತ್ತೇನೆ ಅಂದನಂತೆ.

"ಹೋಗು," ಅಂದರಂತೆ ತಾಯಿ, "ಫಿಲ್ಟರ್ ಬೇಕಾದ್ರೆ ಕೊಡ್ತೀನಿ. ನಾನು ಬರಲ್ಲ."